ಮಾಸ್ತರರ ಬಗ್ಗೆ ಗುಟ್ಟಾಗಿ ವಿಚಾರಿಸಿದ್ದು

ನಾನು ಸಂಶಯದ ಪ್ರಾಣಿ. ಬೇರೆ ಯಾರಾದರೂ ಇದನ್ನು ನಿಮ್ಮ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಅವರು ಒಂದಕ್ಕೆರಡು ಸೇರಿಸಿ ಹೇಳಿಯಾರೆಂಬ ಸಂಶಯ ನನಗಿದೆ. ಇದರಲ್ಲಿ ನನ್ನ ತಪ್ಪು ಕಡಿಮೆ. ನನಗೆ ಮಾತು ಕಲಿಸಿದವಳು ತಾವರಗೇರಿಯ ನನ್ನ ಅಜ್ಜಿ. ತನ್ನ ಕೈಯಾರೆ ಹಿಂಡಿದ ಹಾಲನ್ನೂ ಮೂಸಿ ನೋಡಿಯೇ ಒಲೆಯ ಮೇಲಿಡುತ್ತಿದ್ದಳು. ಹಾದಿಯಲ್ಲಿ ಹೋಗುವವರು “ಆರಾಮ ಅದೀರೇನಬೇ ಯಮ್ಮಾ?” ಎಂದು ಕೇಳಿದರೆ, ಅವರು ಓಣಿ ದಾಟಿದ ಮೇಲೆ, “ಅಂವ ಯಾಕ ಕೇಳಿದ?” ಎಂದು ಸಂಜೆಯತನಕ ಯೋಚಿಸುತ್ತಿದ್ದಳು. ಅಂಥವಳ ಮಡಿಲಲ್ಲಿ ಕೂತು ಕನ್ನಡ ಕಲಿತವನಿಗೆ ಭಾಷೆಯೊಂದೇ ಹೇಗೆ ಬಂದೀತು?

ಅದು ನಿಜಾಮರ ಕಾಲ. ನಾನು ಕೊಪ್ಪಳದ ಕಚೇರಿಯೊಂದರಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಸಾಲಿಯಲ್ಲಿ ಏಟು ತಿಂದು ಕಲಿತ ಉರ್ದು ನನ್ನ ಕೈ ಬಿಟ್ಟಿರಲಿಲ್ಲ. ಇಂಗ್ಲಿಷನ್ನು ಮಾತ್ರ ರೈಲಿನ ಡಬ್ಬಿಗಳ ಮೇಲೆ ದೂರದಿಂದ ನೋಡಿದ್ದೆ, ಅಷ್ಟೆ. ಹೀಗಿರುವಾಗ, ರಾಯಚೂರಿನಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸಾದ ಕಾರಕೂನರನ್ನು ಕಾಯಂ ಮಾಡುತ್ತಾರೆ, ಉಳಿದವರು ಮನೆಗೆ ಹೋಗಬೇಕು ಎಂದು ಹುಕುಂ ಬಂತು. ನನ್ನ ಕೈಯಲ್ಲಿ ಇದ್ದದ್ದು ಮೂರು ತಿಂಗಳು.

ಕೋಟೆಯ ಕೆಳಗಿನ ಓಣಿಯಲ್ಲಿ ಬಸಲಿಂಗಪ್ಪ ಮಾಸ್ತರರೆಂಬ ಹಿರಿಯರಿದ್ದರು. ಧಾರವಾಡದಲ್ಲಿ ಓದಿ, ಸಾಲಿಯಲ್ಲಿ ಕಲಿಸಿ, ಪಿಂಚಣಿ ಪಡೆದು ಮನೆಯಲ್ಲಿದ್ದವರು. ನಮ್ಮ ಮಂದಿಯೇ. ದಿನಾ ಸಂಜೆ ಬಾ ಅಂದರು. ಏನೂ ಕೊಡುವುದು ಬೇಡ ಅಂದರು. ಏನೂ ಬೇಡ ಅಂದಾಗಲೇ ನನಗೆ ಸಂಶಯ ಬಂತು. ಎರಡನೆಯ ವಾರ ಅವರು ಕರ್ತೃ, ಕ್ರಿಯಾಪದಗಳ ಹೊಂದಾಣಿಕೆಗೆ ಬಂದಾಗ ಆ ಸಂಶಯಕ್ಕೆ ರೆಕ್ಕೆಪುಕ್ಕ ಮೂಡಿತು.

ನೋಡಿ, ನಮ್ಮಲ್ಲಿ ಒಬ್ಬ ಬಂದರೆ ‘ಬಂದ’, ಹತ್ತು ಮಂದಿ ಬಂದರೆ ‘ಬಂದರು’. ಮಂದಿ ಬೆಳೆದಂತೆ ಮಾತೂ ಬೆಳೆಯುತ್ತದೆ. ಅಪ್ಪ ಒಬ್ಬರೇ ಬಂದರೂ ‘ಬಂದರು’ ಎಂದೇ ಅನ್ನುತ್ತೇವೆ. ಅಪ್ಪನ ಕೈ ಹತ್ತು ಮಂದಿಯ ಕೈಗೆ ಸಮ. ಇದರಲ್ಲಿ ಒಂದು ನ್ಯಾಯವಿದೆ. ಮಾಸ್ತರರು ಹೇಳಿದ ಇಂಗ್ಲಿಷಿನಲ್ಲಾದರೋ ಒಬ್ಬ ಹುಡುಗ ಓಡಿದರೆ ‘ಬಾಯ್ ರನ್ಸ್’, ಹತ್ತು ಹುಡುಗರು ಓಡಿದರೆ ‘ಬಾಯ್ಸ್ ರನ್’. ಒಬ್ಬನೇ ಓಡುವಾಗ ಕ್ರಿಯಾಪದಕ್ಕೆ ಬಾಲವಿದೆ, ಊರೇ ಓಡುವಾಗ ಬಾಲವಿಲ್ಲ! ಇಂಥ ತಲೆಕೆಳಗಾದ ನಿಯಮವನ್ನು ಇಟ್ಟುಕೊಂಡು ಯಾರಾದರೂ ಇಷ್ಟು ದೊಡ್ಡ ರಾಜ್ಯ ಆಳುವುದು ಸಾಧ್ಯವೇ? “ಖರೇನೇನ್ರಿ ಸರ?” ಎಂದು ಕೇಳಿದೆ. “ಖರೇ ಅಲ್ದ ಏನಪಾ,” ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳಿದರು. ಕಣ್ಣು ಯಾಕೆ ಮುಚ್ಚಿದರು? ಪುಕ್ಕಟೆ ಕಲಿಯುವವನಿಗೆ ಇಷ್ಟು ಸಾಕು ಎಂದು ತಿರುಗುಮುರುಗಾದ ಇಂಗ್ಲಿಷನ್ನು ನನ್ನ ತಲೆಗೆ ತುಂಬುತ್ತಿದ್ದಾರೆ ಎಂದೇ ನನಗನ್ನಿಸಿತು.

ಮಾಸ್ತರರ ಬಗ್ಗೆ ನಾಲ್ಕು ಕಡೆ ವಿಚಾರಿಸುವುದೆಂದು ನಿಶ್ಚಯಿಸಿದೆ. ಆದರೆ ಅವರ ಇಂಗ್ಲಿಷ್ ಖರೇನೋ ಸುಳ್ಳೋ ಎಂದು ಬಾಯಿಬಿಟ್ಟು ಕೇಳಿದರೆ ಸುದ್ದಿ ಅವರ ಮನೆ ಮುಟ್ಟುತ್ತದೆ, ಕಲಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಇಂಗ್ಲಿಷಿನ ಮಾತೇ ಎತ್ತದೆ ಕೇಳುವ ಉಪಾಯ ಹೂಡಿದೆ. ಮೊದಲು ಹೋದದ್ದು ಅವರ ನೆರೆಯ ದರ್ಜಿ ಇಮಾಮಸಾಬರ ಅಂಗಡಿಗೆ.

“ಸಾಬ್ರ, ಬಸಲಿಂಗಪ್ಪ ಮಾಸ್ತರು ಹೆಂಗರಿ? ನಂಬಬಹುದೇನ್ರಿ?”

ಇಮಾಮಸಾಬರು ಮಷೀನು ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ಅಳೆಯುವಂತೆ ನೋಡಿದರು. “ಯಾರ ಸಲುವಾಗಿ ಕೇಳಾಕತ್ತೀರಿ?”

“ನನ್ನ ಸಲುವಾಗೇರಿ.”

“ಹಂಗನ್ರಿ ಮತ್ತ! ಮಾಸ್ತರ ಮನಿತನ ಅಂದ್ರ ಅಪರಂಜಿರೀ. ಮಾತು ಕೊಟ್ರ ತಪ್ಪಂಗಿಲ್ಲ. ಮನ್ಯಾಗ ಒಬ್ಬರಿಗೂ ಜಡ್ಡಿಲ್ಲ, ಜಗಳಿಲ್ಲ. ಸುಮ್ನ ಹೂಂ ಅಂದುಬಿಡ್ರಿ. ಕೋಟು ಮಾತ್ರ ನನ್ನ ಕಡೇನ ಹೊಲಿಸಬೇಕು ನೋಡ್ರಿ.”

ಪರೀಕ್ಷೆಗೆ ಕೋಟು ಬೇಕಾಗುತ್ತದೆಂದು ಇವರಿಗೆ ಹೇಗೆ ತಿಳಿಯಿತು ಎಂದು ಬೆರಗಾಗುತ್ತ ಕಿರಾಣಿ ಅಂಗಡಿಯ ಪಾರಪ್ಪನ ಬಳಿ ಹೋದೆ. ಅವನೂ ಹಾಗೆಯೇ. “ತಾಯಿ ಭಾಳ ಶಾಣ್ಯಾಕಿ ನೋಡ್ರಿ. ಮಗಳೂ ಹಂಗ ಅದಾಳ,” ಎಂದ. ಕ್ರಿಯಾಪದಕ್ಕೂ ಮಾಸ್ತರರ ಹೆಂಡತಿಯ ಶಾಣ್ಯಾತನಕ್ಕೂ ಏನು ಸಂಬಂಧ? ಕೇಳಿದವರೆಲ್ಲ ಮಾಸ್ತರರನ್ನು ಹೊಗಳುವವರೇ. ಇಡೀ ಓಣಿಯೇ ಇದರಲ್ಲಿ ಶಾಮೀಲಾಗಿದೆ ಎಂದು ನನಗೆ ಖಾತ್ರಿಯಾಯಿತು.

ಇತ್ತ ಮಾಸ್ತರರ ಮನೆಯಲ್ಲೂ ಗಾಳಿ ಬದಲಾಯಿತು. ಮೊದಲು ತಂಬಿಗೆ ನೀರು ಸಿಗುತ್ತಿದ್ದವನಿಗೆ ಈಗ ನೀಲಿ ಹೂವಿನ ಕಪ್ಪುಬಸಿಯಲ್ಲಿ ಚಹಾ. ಮರುವಾರ ಮಂಡಾಳು ಒಗ್ಗರಣೆ, ಅದರ ಹಿಂದೆ ಬಿಸಿಬಿಸಿ ಮಿರ್ಚಿ ಭಜಿ. ಯಜಮಾನತಿ ಗಂಗವ್ವನವರು ಬಾಗಿಲಿಗೆ ಬಂದು, “ನಿಮ್ಮ ಸ್ವಾದರಮಾವಾರು ಯಾವೂರವ್ರರಿ?” ಎಂದು ಕೇಳಿದರು. ತಪ್ಪು ಪಾಠವನ್ನು ಮಿರ್ಚಿಯಲ್ಲಿ ಮುಚ್ಚುತ್ತಿದ್ದಾರೆ ಎಂದುಕೊಂಡೆ, ತಿನ್ನುವುದನ್ನೇನೂ ಬಿಡಲಿಲ್ಲ. ಮಗಳು ನೀಲಮ್ಮ ಮೊದಲೆಲ್ಲ ಪಡಸಾಲೆಯ ಆಚೆ ಕಾಳು ಹಸನು ಮಾಡುತ್ತ, ನಾನು ತಪ್ಪಿ ಓದಿದಾಗ ಕಿಸಕ್ಕನೆ ನಗುತ್ತಿದ್ದಳು. ಈಗ ಅವಳ ಸುಳಿವೇ ಇಲ್ಲ. ಒಬ್ಬ ಸಾಕ್ಷಿಯನ್ನು ಮರೆಮಾಡಿದರು ಎಂದು ನಾನು ಲೆಕ್ಕ ಹಾಕಿದೆ.

ಪರೀಕ್ಷೆಗೆ ಹತ್ತು ದಿನವಿರುವಾಗ ಒಂದು ಮುಂಜಾನೆ ನನ್ನ ಕೋಣೆಯ ಮುಂದೆ ಚಕ್ಕಡಿ ನಿಂತಿತು. ಜರಿ ರುಮಾಲು ಸುತ್ತಿದ ಅಪ್ಪ ಮತ್ತು ಸೋದರಮಾವ ಇಳಿದರು.

“ಲೇ ತಮ್ಮಾ,” ಎಂದರು ಅಪ್ಪ, “ಹೆಣ್ಣಿನ ಮನಿ ವಿಚಾರ ಊರೆಲ್ಲ ತಿರುಗಿ ಮಾಡೀಯಂತಲ್ಲ! ನಮಗೊಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?”

“ಯಾವ ಹೆಣ್ಣರಿ?”

ಮಾವ ನಕ್ಕ. “ನೋಡ್ರಿ ಇವನ ನಾಚಿಕಿ! ಮಾಸ್ತರ ಮಗಳಪಾ.”

ಆಗ ನನಗೆ ಬೆಳಕಾಯಿತು. ನಮ್ಮ ಕಡೆ ಮದುವೆಗೆ ಬಂದ ಹುಡುಗ ಒಂದು ಮನೆತನದ ಬಗ್ಗೆ ದನಿ ತಗ್ಗಿಸಿ ವಿಚಾರಿಸಿದರೆ ಅದಕ್ಕೆ ಇರುವುದು ಒಂದೇ ಅರ್ಥ. ನಾನು ಕ್ರಿಯಾಪದವನ್ನು ವಿಚಾರಿಸಿದ್ದೆ ಎಂದು ತೊದಲುತ್ತ ಹೇಳಿದೆ. ಅಪ್ಪನ ಮುಖ ಗಂಭೀರವಾಯಿತು.

“ಈಗ ನೀ ಒಲ್ಲೆ ಅಂದ್ರ ಊರು ಏನಂತೈತಿ? ಹುಡುಗ ಬಂದ, ನಾಕು ಮನಿ ವಿಚಾರಿಸಿದ, ಏನೋ ಕಿವಿಗೆ ಬಿತ್ತು, ಬಿಟ್ಟು ಹೋದ ಅಂತೈತಿ. ಆ ಕೂಸಿನ ಹೊಸ್ತಿಲಕ್ಕ ಮತ್ತ ಯಾರು ಬರ್ತಾರೋ?”

ಅಲ್ಲಿಯತನಕ ನನ್ನ ಸಂಶಯ ನನ್ನ ನಿದ್ದೆಯನ್ನಷ್ಟೇ ಕೆಡಿಸುತ್ತಿತ್ತು. ತಪ್ಪಿಲ್ಲದ ಹುಡುಗಿಯೊಬ್ಬಳ ಹೆಸರಿಗೆ ಅದು ಮಸಿಯಾದೀತು ಎಂದು ನಾನು ಎಣಿಸಿರಲಿಲ್ಲ. ಹಾಗಂತ ಸುಳ್ಳನ್ನು ಗಂಟಲಲ್ಲಿಟ್ಟುಕೊಂಡು ತಾಳಿ ಕಟ್ಟುವುದೂ ನನ್ನಿಂದಾಗದು. ಏನಾದರಾಗಲಿ, ಅವಳ ಎದುರಿಗೇ ಖರೇ ಹೇಳಿಬಿಡಬೇಕೆಂದು ಹೊರಟೆ.

ಮಾಸ್ತರರ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಹಿರಿಯರೆಲ್ಲ ಕೂತರು. ನೀಲಮ್ಮ ಬಂದು ತಲೆ ತಗ್ಗಿಸಿ ಕೂತಳು. ಅಡುಗೆ, ಹಾಡು, ಹೊಲಿಗೆ ಎಲ್ಲ ಕೇಳಿ ಮುಗಿದ ಮೇಲೆ ಮಾವ, “ನಿಂದೇನರ ಕೇಳೂದೈತೇನಪಾ?” ಎಂದ. ಖರೇ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆಯೇ.

“ಒಬ್ಬ ಹುಡುಗ ಓಡಿದ್ರ ‘ರನ್ಸ್’, ಹತ್ತು ಮಂದಿ ಓಡಿದ್ರ ‘ರನ್’. ಇದು ಖರೇನೇನ್ರಿ?”

ಅಪ್ಪ ಹಣೆ ಒತ್ತಿಕೊಂಡರು. ಮಾಸ್ತರರು ನನ್ನನ್ನು ದಿಟ್ಟಿಸಿ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ನೀಲಮ್ಮ ಮಾತ್ರ ತಲೆ ಎತ್ತದೆಯೇ ಹೇಳಿದಳು:

“ಖರೇನ ಐತ್ರಿ. ಆ ‘ಸ್’ ಅನ್ನೂ ಗಂಟು ಇರೂದು ಒಂದ. ಹುಡುಗರು ಭಾಳ ಮಂದಿ ಇದ್ರ ತಾವ ಹೊತ್ಕೋತಾರ. ಒಬ್ಬನ ಇದ್ರ ಪಾಪ, ಅವನ ಗಂಟು ಕ್ರಿಯಾಪದ ಹೊತ್ಕೋತೈತಿ.” ಆಮೇಲೆ, “ಇಷ್ಟು ಕೇಳಾಕ ಊರೆಲ್ಲ ತಿರುಗಬೇಕಿತ್ತೇನ್ರಿ?” ಅಂದಳು.

ಮೂರು ತಿಂಗಳಲ್ಲಿ ಬಗೆಹರಿಯದ್ದು ಮೂರು ಮಾತಿನಲ್ಲಿ ಬಗೆಹರಿಯಿತು. ಮಾಸ್ತರರು ಗಂಟಲು ಸರಿಪಡಿಸಿಕೊಂಡು, “ನನ್ನ ವಿಚಾರಣಿ ಮುಗೀತೇನಪಾ?” ಎಂದರು. ನಾನು ಎದ್ದು ಅವರ ಕಾಲಿಗೆ ಬಿದ್ದೆ. ಅದನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು. ಬೀಳುವಾಗ ನನಗೂ ಹಾಗೇ ಅನ್ನಿಸಿತು. ಹುಡುಗಿಯನ್ನು ಕೇಳಿದರೆ, “ಮೊದಲ ಪಾಸಾಗಿ ಬರ್ಲಿ,” ಅಂದಳಂತೆ.

ಪಾಸಾದೆ, ಕಾಯಮ್ಮೂ ಆದೆ, ಮದುವೆಯೂ ಆಯಿತು. ಎಲ್ಲ ಸುಖವಾಗಿದೆ. ಆದರೆ ಮೊನ್ನೆ ಊಟಕ್ಕೆ ಕೂತಾಗ ತಟ್ಟನೆ ಹೊಳೆಯಿತು: ನಾನು ಊರೆಲ್ಲ ತಿರುಗಿದ್ದು ಇಂಗ್ಲಿಷಿಗಾಗಿ ಎಂದು ಇವಳಿಗೆ ಮೊದಲೇ ಗೊತ್ತಿತ್ತಲ್ಲ! ಗೊತ್ತಿದ್ದೂ, ನಮ್ಮ ಅಪ್ಪ ಚಕ್ಕಡಿ ಕಟ್ಟುವತನಕ ಯಾಕೆ ಸುಮ್ಮನಿದ್ದಳು? ಕೇಳಿಯೇಬಿಟ್ಟೆ. “ನಿಮಗೇನನಸ್ತೈತಿ?” ಎಂದು ನಗುತ್ತ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಅಂದಿನಿಂದ ನನಗೆ ಸಮಾಧಾನವಿಲ್ಲ. ನಾಲ್ಕು ಮಂದಿಯನ್ನು ಗುಟ್ಟಾಗಿ ವಿಚಾರಿಸೋಣವೆಂದರೆ ಧೈರ್ಯ ಸಾಲದು. ಈ ಊರಲ್ಲಿ ಒಮ್ಮೆ ವಿಚಾರಿಸಿದ್ದಕ್ಕೇ ನನಗೆ ಮದುವೆಯಾಗಿದೆ.