ಇಂಗಾಲ ಅಳೆದ ಎರಡು ಧೋತರ

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಮನೆಯ ಹಿಂದೆಯೇ ನನ್ನ ಜೀನ್ಸ್ ಹೊಲಿಗೆಯ ಶೆಡ್ಡು. ಹೀಗಾಗಿ ವ್ಯಾಪಾರದ ಏರಿಳಿತವನ್ನು ನನ್ನಷ್ಟು ಬಲ್ಲವರು ಸಿರುಗುಪ್ಪದಿಂದ ಕುರುಗೋಡಿನವರೆಗೆ ಇಲ್ಲವೆಂದೇ ನಂಬಿದ್ದೆ.

ಮಗಳು ರೇಣುಕಾ ಕುರುಗೋಡಿನ ಕಾಲೇಜೊಂದರಲ್ಲಿ ಹೊಸದಾಗಿ ಅರ್ಥಶಾಸ್ತ್ರದ ಮೇಡಂ. ಅವಳು ನಡೆಸುವ ಮೊದಲ ವಿಚಾರಸಂಕಿರಣದ ವಿಷಯ: ಆರ್ಥಿಕತೆ ಏರಿದಾಗ, ಕುಸಿದಾಗ ಇಂಗಾಲದ ಹೊಗೆ ಏನಾಗುತ್ತದೆ?

"ಅಪ್ಪಾ, ನೀನೂ ಮಾತಾಡು. ಆದ್ರ ನನ್ನ ಮರ್ಯಾದಿ ನಿನ್ನ ಕೈಯಾಗ ಐತಿ" ಎಂದಳು.

"ಇದೇನ್ ಮಹಾ! ಧಂದೆ ಜೋರಾದ್ರ ಹೊಗಿ, ಧಂದೆ ಬಿದ್ರ ಗಾಳಿ ಸ್ವಚ್ಛ!"

ಸಾಕ್ಷಿಗೆಂದು, ಹಬ್ಬದ ಆರ್ಡರು ಬಂದು ದಿನವಿಡೀ ಜನರೇಟರು ಗುಡುಗುತ್ತಿದ್ದಾಗ ಒಂದು ಬಿಳಿ ಧೋತರವನ್ನು ವಾರವಿಡೀ ಮಾಳಿಗೆಯ ಮೇಲೆ ಹರವಿದೆ. ಆರ್ಡರು ನಿಂತು ಮಿಷಿನ್ನುಗಳೆಲ್ಲ ಮಲಗಿದ ಮೇಲೆ ಇನ್ನೊಂದನ್ನು ಹರವಿದೆ. ಹೆಂಡತಿ ಗಂಗಮ್ಮ ಇಳಿಸಿ ಮಡಚಿಟ್ಟು, "ಒಮ್ಮಿ ಬಿಚ್ಚಿ ನೋಡ್ರಿ" ಎಂದಳು. ಫಲಿತಾಂಶ ಮೊದಲೇ ಗೊತ್ತಿರುವ ವಿಜ್ಞಾನಿ ನೋಡುವುದೇನಿದೆ! ನೋಡಲಿಲ್ಲ.

ವೇದಿಕೆಯ ಮೇಲೆ ಮೊದಲನೆಯದನ್ನು ಬಿಚ್ಚಿದೆ. "ಇದು ಧಂದೆ ಜೋರಿದ್ದಾಗಿಂದು!" ತೆಳು ಬೂದಿ ಬಣ್ಣ. ಎಲ್ಲರೂ ತಲೆದೂಗಿದರು. "ಇದು ಧಂದೆ ಬಿದ್ದಾಗಿಂದು. ಶುಭ್ರ!" ಎಂದು ಎರಡನೆಯದನ್ನು ಝಾಡಿಸಿದೆ.

ರೊಟ್ಟಿ ಹಂಚಿನ ತಳದಂತೆ ಕರ್ರಗಿತ್ತು!

ಮಗಳ ಮುಖ ಬಿಳಿಚಿಕೊಂಡಿತು. ಇಡೀ ಧೋತರದಲ್ಲಿ ಇರಬೇಕಿದ್ದ ಬಿಳುಪು ಅಲ್ಲಿಗೆ ಹೋಗಿತ್ತು. "ಇದು ಯಾರ ಕೆಲಸ?" ಎಂದು ತೊದಲಿದೆ.

ಮುಂದಿನ ಸಾಲಿನಿಂದ ಗಂಗಮ್ಮ ಎದ್ದಳು. "ನಿಮ್ದ ಕೆಲಸ ರೀ! ಧಂದೆ ಬಿದ್ದೈತಿ, ಗ್ಯಾಸ್ ಉಳಿಸು, ಜೀನ್ಸ್ ಚಿಂದಿ ಸುಟ್ಟು ನೀರು ಕಾಸು ಅಂದವ್ರು ಯಾರು? ಕೆಲಸಿಲ್ಲಂತ ದಿನಕ್ಕ ಎರಡು ಸಲ ಜಳಕ ಮಾಡಿದವ್ರು ಯಾರು? ಬಚ್ಚಲದ ಹೊಗಿ ಕೊಳವಿ ಬಾಜೂಕ ಧೋತರ ಹಾಕಿದವ್ರು ಯಾರು?"

ಸಭೆಯೆಲ್ಲ ಹೋ ಎಂದು ನಕ್ಕಿತು. ಭೂಮಿ ಬಾಯಿಬಿಡಬಾರದೇ ಎನಿಸಿತು.

ರೇಣುಕಾ ಮೈಕು ಕಸಿದುಕೊಂಡಳು. "ಅಪ್ಪ ಬೇಕಂತನ ತಪ್ಪು ಮಾಡಿ ತೋರಿಸ್ಯಾರ! ಧಂದೆ ಬಿದ್ದಾಗ ಕಾರ್ಖಾನಿ ಹೊಗಿ ಇಳಿತೈತಿ, ಖರೆ. ಆದ್ರ ಏರಿದಷ್ಟು ಇಳಿಯಂಗಿಲ್ಲ, ಯಾಕಂದ್ರ ಮನ್ಯಾಗ ಖರ್ಚು ಉಳಿಸಾಕ ಹೋಗಿ ನಾವು ಮತ್ತೇನೋ ಸುಡ್ತೀವಿ. ಇನ್ನ ಇಂಗಾಲದ ಅನಿಲ ಕಣ್ಣಿಗೆ ಕಾಣಂಗಿಲ್ಲ. ಧೋತರದ ಮ್ಯಾಲಿಂದು ಬರೀ ಮಸಿ!"

ಚಪ್ಪಾಳೆಯೋ ಚಪ್ಪಾಳೆ! ಬದುಕಿದೆಯಾ ಬಡಜೀವವೇ! ಮಗಳ ಮರ್ಯಾದೆ ಉಳಿಯಿತಲ್ಲ, ನನ್ನದು ಹೋದರೆ ಹೋಗಲಿ ಎಂದು ಹಾಯಾಗಿ ಉಸಿರುಬಿಟ್ಟೆ.

ಪ್ರಾಂಶುಪಾಲರು ಬಂದು ಕೈಹಿಡಿದರು. "ಮುಂದಿನ ವರ್ಷಾನೂ ಬರ್ರಿ. ನಿಮ್ಮ ಮನಿ ಅಮ್ಮಾರು ಭಾಷಣ ಮಾಡಲಿ."

"ಮತ್ತ ನಾನು?"

"ನೀವು ಧೋತರ ಹಿಡಕೊಂಡು ನಿಂದರ್ರಿ, ಸಾಕು!"