ಮೌಂಟ್ ರಾಸ್ಕಿಲ್‌ನಿಂದ ಕೆರೊಲಿನಾಕ್ಕೊಂದು ಓಟು

ಹೆಚ್ಚು ಓದಿಕೊಂಡವರ ಕಷ್ಟವೇನೆಂದರೆ, ಎಲ್ಲದರ ಮೇಲೂ ಅನುಮಾನ ಪಡುವುದನ್ನು ಕಲಿಯುತ್ತೇವೆ, ನಮ್ಮ ಮೇಲೆ ನಾವೇ ಅನುಮಾನ ಪಡಲು ಮಾತ್ರ ಸಮಯ ಸಾಲುವುದಿಲ್ಲ. ನನಗೆ ಆ ಸಮಯವೂ ಸಿಕ್ಕಿದೆ. ಈಚೆಗೆ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಗಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಓಡಿ ಬರುತ್ತೇನೆ. ನಮ್ಮದು ಕರೆಂಟಿನ ಒಲೆ ಎಂಬುದು ಬಾಗಿಲು ತೆಗೆದ ಮೇಲೆ ಹೊಳೆಯುತ್ತದೆ. ಇಂಥವನು ಬಾಯಿ ಮುಚ್ಚಿಕೊಂಡಿರಬೇಕು. ಆದರೆ ಯಾವ ದಿನ ಅನುಮಾನ ಪಡಬೇಕೋ ಅದೇ ದಿನ ನಾನು ಖಡಾಖಂಡಿತವಾಗಿ ಮಾತಾಡಿಬಿಡುತ್ತೇನೆ.

ಎರಡು ಸಾವಿರದ ಹದಿನಾರರ ಜನವರಿಯಲ್ಲಿ ಆದದ್ದೂ ಅದೇ. ನನ್ನ ಹೆಂಡತಿ ಮಾಲತಿ ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ಅಮ್ಮನ ಜೊತೆ ಮೈಸೂರಿನಿಂದ ಅಮೆರಿಕದ ದಕ್ಷಿಣ ಕೆರೊಲಿನಾಕ್ಕೆ ಹೋದವಳು. ಅಲ್ಲೇ ಫಾರ್ಮಸಿ ಓದಿ, ಅಲ್ಲಿನ ಪೌರತ್ವ ಪಡೆದಳು. ನಾನು ಅದೇ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಬಡ ವಿದ್ಯಾರ್ಥಿ. ಮದುವೆಯಾದ ಮೇಲೆ ನನಗೆ ಆಕ್ಲೆಂಡಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದೆವು. ಹೀಗಾಗಿ ಮೌಂಟ್ ರಾಸ್ಕಿಲ್‌ನ ನಮ್ಮ ಮನೆಯಲ್ಲಿ ಅಮೆರಿಕದ ಅಧ್ಯಕ್ಷರನ್ನು ಆರಿಸುವ ಹಕ್ಕು ಅವಳೊಬ್ಬಳಿಗೇ ಇದೆ. ಅಭಿಪ್ರಾಯಗಳೆಲ್ಲ ನನ್ನ ಬಳಿ ಇವೆ.

ಅವಳು ಅಧ್ಯಕ್ಷರ ಚುನಾವಣೆಯಲ್ಲಿ ಓಟು ಹಾಕಿದ್ದಳು, ಪ್ರೈಮರಿಯಲ್ಲಿ ಹಾಕಿರಲಿಲ್ಲ. ಪ್ರೈಮರಿ ಎಂದರೆ, ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮೊದಲೇ ನಡೆಯುವ ಚುನಾವಣೆ. ನಮ್ಮಲ್ಲಿ ಹೈಕಮಾಂಡ್ ಮಾಡುವ ಕೆಲಸವನ್ನು ಅಲ್ಲಿ ಜನರೇ ಮಾಡುತ್ತಾರೆ. ಅವಳ ರಾಜ್ಯದಲ್ಲಿ ಅದು ಬರುವುದು ಶನಿವಾರ, ಅಲ್ಲಿದ್ದಾಗ ಅವಳಿಗೆ ಆ ದಿನ ಔಷಧಿ ಅಂಗಡಿಯಲ್ಲಿ ತಪ್ಪದ ಡ್ಯೂಟಿ. "ಈ ಸಲ ಹಾಕೇ ಹಾಕ್ತೀನಿ. ಕೈ ಎತ್ತಿ ಪ್ರಮಾಣ ಮಾಡಿ ಪೌರತ್ವ ತಗೊಂಡಿದ್ದು ಏರ್‌ಪೋರ್ಟಲ್ಲಿ ಚಿಕ್ಕ ಕ್ಯೂನಲ್ಲಿ ನಿಲ್ಲೋಕಲ್ಲ" ಎಂದಳು.

"ಆಗಲ್ಲ. ಪಕ್ಷಕ್ಕೆ ಮೊದಲೇ ಹೆಸರು ನೋಂದಾಯಿಸಿರಬೇಕು. ನೀನು ಮಾಡಿಸಿಲ್ಲ" ಎಂದೆ ನಾನು. ನನಗೆ ಚೆನ್ನಾಗಿ ನೆನಪಿತ್ತು. ಎಷ್ಟು ಚೆನ್ನಾಗಿ ಎಂದರೆ, ಅವಳು ನಂಬಿ ಎರಡು ವಾರ ಓಟಿನ ಮಾತೇ ಎತ್ತಲಿಲ್ಲ. ಅವಳು ನನ್ನ ಮಾತು ಹಾಗೆ ನಂಬಿದ್ದು ನೋಡಿಯೇ ನನಗೆ ಅಳುಕು ಶುರುವಾಯಿತು. ಅಲ್ಲಿನ ಚುನಾವಣಾ ಕಚೇರಿಗೇ ಫೋನ್ ಮಾಡು ಎಂದೆ. ಸ್ಪೀಕರ್ ಹಾಕು ಎಂದೂ ಹೇಳಿದೆ, ಅಧಿಕಾರಿಗಳು ತಪ್ಪು ಹೇಳಿದರೆ ತಿದ್ದಬಹುದಲ್ಲ.

ನಮ್ಮ ಬೆಳಗಿನ ಕಾಫಿ ಹೊತ್ತಿಗೆ ಅಲ್ಲಿ ಹಿಂದಿನ ದಿನದ ಮಧ್ಯಾಹ್ನ. ಫೋನೆತ್ತಿದ ಹೆಂಗಸು ದಕ್ಷಿಣದವರ ರಾಗದಲ್ಲಿ ಹೇಳಿದ್ದರ ಸಾರ ಇಷ್ಟು: "ನಮ್ಮಲ್ಲಿ ಪಕ್ಷಕ್ಕೆ ನೋಂದಾಯಿಸೋ ಪದ್ಧತಿಯೇ ಇಲ್ಲ ಚಿನ್ನಾ. ಎರಡರಲ್ಲಿ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳು, ಇವತ್ತೇ ಈಮೇಲ್ ಮಾಡ್ತೀನಿ. ನಿನಗೆ ಇದೆಲ್ಲ ಯಾರು ಹೇಳಿದ್ದು?" ಮಾಲತಿ ನನ್ನ ಕಡೆ ನೋಡಿದಳು. ಆಗ ನೆನಪಾಯಿತು, ಅದು ಫ್ಲಾರಿಡಾದ ನಿಯಮ. ಅಲ್ಲಿಂದ ಬಂದಿದ್ದ ನನ್ನ ರೂಮ್‌ಮೇಟ್ ಅನ್ನ ಬಸಿಯುತ್ತಾ ಹೇಳಿದ್ದು. ಅನ್ನ ನಾನು ಬಸಿಯುತ್ತಿದ್ದೆನೋ ಅವನೋ, ಅದೂ ಈಗ ಖಚಿತವಿಲ್ಲ.

"ಸರಿ, ಯಾವ ಪಕ್ಷದ್ದು ಕಳಿಸಲಿ?" ಎಂದಿತು ಫೋನು. ಆನೆಯೋ ಕತ್ತೆಯೋ, ಅಲ್ಲಿನ ಎರಡು ದೊಡ್ಡ ಪಕ್ಷಗಳ ಗುರುತುಗಳು ಅವು. ನಾನು ಕಿವಿ ನಿಮಿರಿಸಿದೆ. ಮಾಲತಿ ತಟ್ಟನೆ ಸ್ಪೀಕರ್ ಆರಿಸಿ, "ರೀ, ಹಾಲು ಮುಗಿದಿದೆ, ತಂದುಬಿಡಿ" ಎಂದಳು. ಫ್ರಿಜ್ಜಿನಲ್ಲಿ ಎರಡು ಬಾಟಲಿ ಹಾಲಿತ್ತು. ಮೂರನೆಯದನ್ನು ತಂದೆ.

ಮತಪತ್ರ ಬಂತು. ಮನೆಯಲ್ಲೇ ಪ್ರಿಂಟ್ ತೆಗೆದು, ಗುರುತು ಹಾಕಿ, ಸ್ಕ್ಯಾನ್ ಮಾಡಿ ಕಳಿಸಬೇಕು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಸುಮ್ಮನಿರಲಾರದೆ ನಾನು ಹೊರಗಿನಿಂದ ಕೂಗಿದೆ: "ಪ್ರತಿ ಹಾಳೆ ಕೆಳಗೂ ಸಹಿ ಹಾಕು!" ಬೆಂಗಳೂರಿನ ಕಚೇರಿಗಳಲ್ಲಿ ಜೆರಾಕ್ಸ್ ಮೇಲೆ ಜೆರಾಕ್ಸ್ ಕೊಟ್ಟು, ಎಲ್ಲಕ್ಕೂ ನಾನೇ ಸಹಿ ಹಾಕಿ ದೃಢೀಕರಿಸಿದ ಕೈ ನನ್ನದು. ಒಳಗೆ ಪೆನ್ನಿನ ಸದ್ದು. ಆಮೇಲೆ, "ಅಯ್ಯೋ ನಿಮ್ಮ! ಮತಪತ್ರದ ಮೇಲೆ ಸಹಿ ಹಾಕಬಾರದಂತೆ ರೀ! ಸಹಿ ಬೇರೆ ಹಾಳೆಗೆ! ಹಾಕ್ಬಿಟ್ನಲ್ಲ!" ಎಂಬ ಕೂಗು. ನನ್ನಿಂದ ಅವಳ ಓಟು ಎರಡನೆಯ ಸಲ ತಪ್ಪಿತೆಂದು ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಮಾತ್ರ ಇನ್ನೊಂದು ಪ್ರತಿ ತೆಗೆದು, ಸೂಚನೆಗಳನ್ನು ಔಷಧಿ ಚೀಟಿ ಓದುವ ಹಾಗೆ ಓದಿ, ಕಳಿಸಿಯೇ ಹೊರಗೆ ಬಂದಳು. ತಲುಪಿದೆ ಎಂಬ ಉತ್ತರ ಬರುವವರೆಗೂ ಊಟಕ್ಕೆ ಕೂರಲಿಲ್ಲ. ಬಂದ ಮೇಲೆ ಅವಳ ಮುಖ ನೋಡಬೇಕಿತ್ತು! ನನಗೂ ಕಣ್ಣು ಒದ್ದೆಯಾಗಿತ್ತು, ಸಾರಿನ ಖಾರ ಎಂದೆ.

"ಯಾರಿಗೆ ಹಾಕಿದೆ?"

"ಹೇಳಲ್ಲ. ಹೇಳಿದ್ರೆ ನೀವು ಚರ್ಚೆ ಶುರು ಮಾಡ್ತೀರ. ಅದು ಮುಗಿಯೋ ಹೊತ್ತಿಗೆ ಅಧ್ಯಕ್ಷರ ಅವಧಿಯೇ ಮುಗಿದಿರತ್ತೆ."

ಸಂಶೋಧನೆ ಮಾಡಿದವನಿಗೆ ಇಷ್ಟು ಸಾಕೇ? ಮೊದಲ ಮತಪತ್ರ ಹರಿದುಹಾಕಿದ್ದಾಳಲ್ಲ, ಕಸದಬುಟ್ಟಿ ನೋಡಿದೆ. ಚೂರುಗಳು ನುಗ್ಗೆಕಾಯಿ ಸಿಪ್ಪೆ, ಕಾಫಿ ಗಷ್ಟಿನಲ್ಲಿ ಮುದ್ದೆಯಾಗಿದ್ದವು. ಓದಲು ಬಂದದ್ದು ಒಂದೇ ಚೂರು. ಅದರ ಮೇಲೆ ದುಂಡಗಿನ ಕನ್ನಡದಲ್ಲಿ 'ಮಾಲ' ಎಂದಿತ್ತು. ಅಮೆರಿಕದ ಎಲ್ಲ ದಾಖಲೆಗಳಲ್ಲೂ ಅವಳ ಸಹಿ ಕನ್ನಡದಲ್ಲೇ ಇದೆ. ಅಷ್ಟು ದೂರದ ಕಚೇರಿಯಲ್ಲಿ ಯಾರೋ ಕುಳಿತು ನಮ್ಮ ಅಕ್ಷರಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ 'ಸರಿ' ಎನ್ನುತ್ತಾರೆಂದು ನೆನೆದು, ಕಸದಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೇ ಹೆಮ್ಮೆಪಟ್ಟೆ.

ಇನ್ನೊಂದು ದಾರಿಯಿತ್ತು. ಆ ರಾಜ್ಯದಲ್ಲಿ ಎರಡು ಪಕ್ಷಗಳ ಪ್ರೈಮರಿಯೂ ಬೇರೆ ಬೇರೆ ಶನಿವಾರ. ಯಾವ ಫಲಿತಾಂಶಕ್ಕೆ ಅವಳು ಚಡಪಡಿಸುತ್ತಾಳೋ ಅದೇ ಅವಳ ಪಕ್ಷ! ಮೊದಲನೆಯ ಫಲಿತಾಂಶ ಬಂದ ಭಾನುವಾರ ಮಧ್ಯಾಹ್ನ ಟಿವಿ ಮುಂದೆ ಕುಳಿತು ಕೇಸರಿಬಾತ್ ತಿಂದಳು. ಸಿಕ್ಕಿಬಿದ್ದಳು ಎಂದುಕೊಂಡೆ. ಮುಂದಿನ ಭಾನುವಾರವೂ ಟಿವಿ ಮುಂದೆ ಕುಳಿತಳು, ಅವತ್ತೂ ಕೇಸರಿಬಾತ್. "ಇನ್ನೊಂದು ಚಮಚ ಹಾಕಲಾ, ಡಿಟೆಕ್ಟಿವ್ ಸಾಹೇಬರಿಗೆ?" ಎಂದಳು.

ಮೂಲೆಯ ಡೈರಿಯ ಅನ್ವರ್ ಭಾಯಿ ಹುಬ್ಬಳ್ಳಿಯವರು. ಡೈರಿ ಎಂದರೆ ಇಲ್ಲಿ ದಿನಸಿ, ಪೇಪರು ಎಲ್ಲ ಸಿಗುವ ಚಿಕ್ಕ ಅಂಗಡಿ. ಆ ವಾರ ಬ್ರೆಡ್ ಕೊಳ್ಳಲು ಹೋದಾಗ ಅವರು ಕೇಳಿದರು:

"ಏನ್ರಿ ಡಾಕ್ಟ್ರ, ಭಾಭಿ ಇಲ್ಲಿಂದನ ಅಮೆರಿಕಾಕ್ಕ ಓಟ್ ಹಾಕ್ಯಾರಂತ! ಯಾರಿಗ್ ಹಾಕ್ಯಾರ?"

ನಾನು ಬೆನ್ನು ನೆಟ್ಟಗೆ ಮಾಡಿ, "ಅದು ಗುಪ್ತ ಮತದಾನ ಅನ್ವರ್ ಭಾಯಿ. ಹೇಳೋ ಹಾಗಿಲ್ಲ" ಎಂದೆ.

"ಅಂದ್ರ ನಿಮಗ ಗೊತ್ತೈತಿ!"

ನಾನು ಮುಗುಳ್ನಕ್ಕೆ, ಅಷ್ಟೇ.

"ಭಾಳ ಗಟ್ಟಿ ಮನಷ್ಯಾ ಅದೀರಿ ಬಿಡ್ರಿ. ನಮ್ಮನ್ಯಾಗಿನ ಮಾತಾಗಿದ್ರ ಸಂಜಿಯೊಳಗ ಓಣಿಗೆಲ್ಲಾ ಗೊತ್ತಾಗಿರ್ತಿತ್ತು."

ಬೇಡ ಎನ್ನುವ ಹೊಗಳಿಕೆಯಲ್ಲ ಅದು. ಮನೆಗೆ ಬಂದವನೇ ಮಾಲತಿಗೆ ಹೇಳಿದೆ: "ಅನ್ವರ್ ಭಾಯಿ ಎಷ್ಟು ಕೆದಕಿದರೂ ನಾನು ಬಾಯಿ ಬಿಡಲಿಲ್ಲ, ನೋಡು."

ಅವಳು ಗಂಭೀರವಾಗಿ ನನ್ನ ಕೈ ಕುಲುಕಿ, "ಗುಟ್ಟು ಅಂದ್ರೆ ನಿಮ್ಮ ಹತ್ರಾನೇ ಇರಬೇಕು ರೀ" ಎಂದಳು. ನನಗೆ ನಿಜವಾಗಿಯೂ ಎದೆಯುಬ್ಬಿತು. ಇವತ್ತಿನವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.