ಊರಿಗೆ ಹೊರಟ ಕೇಪಳ

ಬ್ಯಾಂಕಿನವರು ಹೂಗಿಡ ಸಾಕಬಾರದು. ಸಾಕಿದರೂ ಹುಟ್ಟೂರಿನ ಗಿಡವನ್ನಂತೂ ಸಾಕಲೇಬಾರದು. ಉಡುಪಿ ಕಡೆಯ ಕೆಂಪು ಕೇಪಳವನ್ನು ಕುಂಡದಲ್ಲಿ ನೆಟ್ಟು ಆಂಧ್ರ ತಿರುಗಿಸಿದವನ ಮಾತಿದು. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದಾಗ ಅದು ಬಾಲ್ಕನಿಯಲ್ಲಿ ಎದೆಯೆತ್ತರ ಬೆಳೆದಿತ್ತು. ವಿಜಯವಾಡಕ್ಕೆ ವರ್ಗವಾದಾಗ ಲಾರಿಯಲ್ಲಿ ನಮ್ಮ ಬೀರುವಿನ ಕೆಳಗೆ ಸಿಕ್ಕಿ ಅರ್ಧಕ್ಕರ್ಧ ಮುರಿಯಿತು. ಅಂದಿನಿಂದ ನನಗೆ ಬುದ್ಧಿ ಬಂತು. ವರ್ಗಾವಣೆಯ ಕಾಲ ಹತ್ತಿರವಾದ ಕೂಡಲೇ ಪ್ರಯಾಣಕ್ಕೆ ಅನುಕೂಲವಾಗಲೆಂದು ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸತೊಡಗಿದೆ.

ಪ್ರತಿ ಬೇಸಿಗೆಯಲ್ಲೂ ಊರಿನ ಕಡೆಗೆ ವರ್ಗ ಕೇಳುತ್ತೇನೆ, ಈ ಸಲ ಖಂಡಿತ ಎಂದುಕೊಂಡು ಕತ್ತರಿ ಹಿಡಿಯುತ್ತೇನೆ. ಆದೇಶ ಬರುವುದಿಲ್ಲ. ಕೇಪಳ ಹೂ ಬಿಡುವುದು ಕೊಂಬೆಯ ತುದಿಯಲ್ಲಿ; ತುದಿಯೇ ಇಲ್ಲದ ಗಿಡ ಹೂವನ್ನು ಎಲ್ಲಿಂದ ತಂದೀತು?

"ಎಂತ ಮಾರಾಯ್ರೆ, ಗಿಡವಾ ಇದು, ಗೂಟವಾ?" ಎನ್ನುತ್ತಾಳೆ ಹೆಂಡತಿ. ಮಗಳಿಗೆ ತೆಲುಗೇ ಸಲೀಸು. "ನಾನ್ನಾ, ವದಿಲೇಯಿ" ಎಂದು, ಅಂದರೆ ಅಪ್ಪಾ ಬಿಟ್ಟುಬಿಡು ಎಂದು, ಕತ್ತರಿ ಕಿತ್ತುಕೊಳ್ಳುತ್ತಾಳೆ. ನಾನಾದರೋ ಕೇಪಳದ ತೊಟ್ಟಿನ ಜೇನು ಹೀರುತ್ತಾ ಶಾಲೆಗೆ ಹೋದವನು. ಆ ಕೆಂಪು ಗೊಂಚಲನ್ನು ಇನ್ನೊಮ್ಮೆ ನಮ್ಮ ಬಾಲ್ಕನಿಯಲ್ಲೇ ನೋಡಬೇಕೆಂದು ಜೀವ ಹಂಬಲಿಸುತ್ತಿತ್ತು. ವಿಜಯವಾಡದ ಒನ್ ಟೌನ್ ಪೇಟೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೂವಿನ ಗೊಂಚಲು ಕೆಂಪಗೆ ಕಂಡರೂ ಸಾಕು, ನಿಂತುಬಿಡುತ್ತಿದ್ದೆ.

ಈ ವರ್ಷ ಅಭ್ಯಾಸಬಲದಿಂದ ಅರ್ಜಿ ಹಾಕಿದೆನಾದರೂ ನಂಬಿಕೆ ಉಳಿದಿರಲಿಲ್ಲ. ಕತ್ತರಿ ಮುಟ್ಟಲಿಲ್ಲ. ಗಿಡ ತನ್ನ ಪಾಡಿಗೆ ತಾನು ಬೆಳೆದು, ತುದಿಯಲ್ಲಿ ಸೂಜಿಯಂಥ ಮೊಗ್ಗುಗಳನ್ನು ತುಂಬಿಕೊಂಡಿತು. ಅದೇ ವಾರ ಉಡುಪಿಗೆ ವರ್ಗಾವಣೆಯ ಆದೇಶವೂ ಬಂತು!

ಮ್ಯಾನೇಜರ ಮುಂದೆ ನಿಂತು, ಸ್ವಲ್ಪ ತಡವಾಗಿ ಬಿಡುಗಡೆ ಮಾಡಬಹುದೇ ಎಂದು ಕೇಳಿದೆ. ತೆಲುಗಿನವರಾದರೂ ನನ್ನೊಡನೆ ಹರಕುಮುರುಕು ಕನ್ನಡವನ್ನೇ, ತೆಲುಗಿನ 'ಅಂಡೀ' ಎಂಬ ಗೌರವದ ಬಾಲ ಸೇರಿಸಿ, ಆಡುವ ಮನುಷ್ಯ. "ಇಷ್ಟು ವರ್ಷ ನನ್ನ ಪ್ರಾಣ ತಿಂದಿರಿ, ಈಗ ಬೇಡವಾ ಅಂಡೀ?" ಎಂದರು. ಗಿಡ ಮೊಗ್ಗು ಬಿಟ್ಟಿರುವುದನ್ನು ಹೇಳಿದೆ. ಅವರು ನಕ್ಕು, "ಸರಿ, ಹೂ ಬಂದ ಮೇಲೆ ಹೋಗಿ" ಎಂದರು.

"ಊರಲ್ಲಿ ಬೇಲಿ ತುಂಬ ಅದೇ ಉಂಟಲ್ಲ, ನೋಡ್ಲಿಕ್ಕೆ ಇಲ್ಲೇ ಕೂತ್ಕೊಳ್ಬೇಕಾ?" ಎಂದಳು ಹೆಂಡತಿ. ಆದರೂ ನೀರು ಹಾಕುವುದಕ್ಕೆ ನನಗಿಂತ ಮೊದಲು ಅವಳೇ ಏಳುತ್ತಿದ್ದಳು.

ನಿನ್ನೆ ಬೆಳಿಗ್ಗೆ ಗೊಂಚಲು ಅರಳಿತು. ಮೂವರೂ ಅದರ ಮುಂದೆ ನಿಂತೆವು. ಇನ್ನು ಈ ಬಾಲ್ಕನಿ ಬಿಟ್ಟು ಹೋಗಬೇಕಲ್ಲ ಎಂದು ಆಗಲೇ ಹೊಳೆದದ್ದು. ಬ್ಯಾಂಕಿಗೆ ಹೋದೊಡನೆ ಮ್ಯಾನೇಜರು ಕೇಳಿದರು, "ಹೂ ಬಂತಾ ಅಂಡೀ?"

"ಇನ್ನೂ ಇಲ್ಲ ಸಾರ್" ಎಂದೆ.